ದೊಡ್ಡಮ್ಮನಿಗೆ ಹೇಳದೆ ಮುಂಬಯಿಗೆ

ಬಚ್ಚಲಿನ ಮೇಲಿನ ಲಾಫ್ಟಿನಿಂದ ಟ್ರಾಲಿ ಬ್ಯಾಗ್ ಎಳೆಯಲು ಹೋದರೆ, ಬ್ಯಾಗಿಗಿಂತ ಮೊದಲು ಬಂದು ನನ್ನ ತಲೆಯ ಮೇಲೆ ಬಿದ್ದದ್ದು ಹಸಿರು ನೈಲಾನ್ ಹಗ್ಗದ ಒಂದು ಸುರುಳಿ. ಉಡುಪಿ ಬನ್ನಂಜೆಯ ನಮ್ಮ ಫ್ಲ್ಯಾಟಿನಲ್ಲಿ ಹಗ್ಗಕ್ಕೆ ಎಂತ ಕೆಲಸ ಹೇಳಿ. ಕಟ್ಟಲಿಕ್ಕೆ ದನವಿಲ್ಲ, ಇಳಿಬಿಡಲಿಕ್ಕೆ ಬಾವಿಯಿಲ್ಲ. ಕಟ್ಟಿಹಾಕಬೇಕಾದವರು ಇಬ್ಬರಿದ್ದಾರೆ ನಿಜ, ಎರಡನೆಯ ಕ್ಲಾಸಿನ ಇಶಾನಿ ಮತ್ತು ಎಲ್‌ಕೆಜಿಯ ಚಿಂಟು. ಆದರೆ ಅವರು ಹಗ್ಗಕ್ಕೆಲ್ಲ ಬಗ್ಗುವ ಜಾತಿಯಲ್ಲ. ನನ್ನ ತವರು ಇನ್ನಂಜೆಯಿಂದ ಬಂದಾಗ ಅಮ್ಮನೇ ತಂದು ಅಲ್ಲಿ ತುರುಕಿಟ್ಟಿರಬೇಕು. ಬೇಕಾದೀತು ಎಂದು ಅಮ್ಮ ಏನನ್ನು ಬೇಕಾದರೂ ಎಲ್ಲಿ ಬೇಕಾದರೂ ಇಡುತ್ತಾರೆ.

ಹಗ್ಗವನ್ನು ಕೈಯಲ್ಲಿ ಹಿಡಿದದ್ದೇ ತಡ, ನನ್ನ ಮೂಗಿಗೆ ಒಣಮೀನಿನ ವಾಸನೆ ಬಂದಂತಾಯಿತು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಘಟ್ಟದ ಮೇಲಿನವರಿಗಾಗಿ ಹೇಳುತ್ತೇನೆ. ನಮ್ಮಲ್ಲಿ ಮುಂಬಯಿಗೆ ಹೋಗುವುದೆಂದರೆ ಟಿಕೆಟ್ ತೆಗೆಯುವುದಲ್ಲ, ರಟ್ಟಿನ ಪೆಟ್ಟಿಗೆಗೆ ಹಗ್ಗ ಬಿಗಿಯುವುದು. ಪೆಟ್ಟಿಗೆಯೊಳಗೆ ಕುಚ್ಚಲಕ್ಕಿ, ಸುಲಿದ ತೆಂಗಿನಕಾಯಿ, ಹಲಸಿನ ಹಪ್ಪಳ, ಮಾವಿನ ಮಿಡಿಯ ಉಪ್ಪಿನಕಾಯಿ, ಚಳಿಗಾಲವಾದರೆ ಮಟ್ಟುಗುಳ್ಳ ಎಂಬ ನಮ್ಮ ಕಡೆಯ ಬದನೆ, ಇವೆಲ್ಲದರ ನಡುವೆ ಪೇಪರಿನಲ್ಲಿ ಸುತ್ತಿ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಮತ್ತೆ ಪೇಪರಿನಲ್ಲಿ ಸುತ್ತಿದರೂ ಇಡೀ ಬಸ್ಸಿಗೆ ತನ್ನ ಪರಿಚಯ ತಾನೇ ಹೇಳಿಕೊಳ್ಳುವ ಒಣಮೀನು. ನೀವು ಹೊರಡುವ ಸುದ್ದಿ ಹಬ್ಬಿತೆಂದರೆ ಮುಗಿಯಿತು. ಗದ್ದೆಯ ಆಚೆಯ ಮನೆಯವರು, ಅವರ ಆಚೆಯ ಮನೆಯವರು ಒಬ್ಬೊಬ್ಬರಾಗಿ ಬಂದು, ಸ್ವಲ್ಪ ಸಾಮಾನು ಉಂಟು, ನಮ್ಮ ತಮ್ಮನಿಗೆ ಮುಟ್ಟಿಸಿದರಾಯಿತು ಎನ್ನುತ್ತಾರೆ. ಆ ಸ್ವಲ್ಪ ಸಾಮಾನನ್ನು ಎತ್ತಲು ಇಬ್ಬರು ಬೇಕು.

ಮುಂಬಯಿಯನ್ನು ನಾನು ಮೊದಲು ನೋಡಿದ್ದು ಐದನೆಯ ಕ್ಲಾಸಿನ ರಜೆಯಲ್ಲಿ. ನೋಡಿದ್ದು ಎನ್ನುವುದು ದೊಡ್ಡ ಮಾತಾಯಿತು. ಅಪ್ಪ, ಅಮ್ಮ, ಅಣ್ಣ ಮತ್ತು ನಾನು, ಜೊತೆಗೆ ಊರವರ ಪೆಟ್ಟಿಗೆಗಳು. ಅವುಗಳನ್ನು ಮನೆಮನೆಗೆ ಮುಟ್ಟಿಸುವುದರಲ್ಲೇ ರಜೆ ಕಳೆಯಿತು. ಪ್ರತಿ ಮನೆಯಲ್ಲೂ ಚಾ, ಗ್ಲುಕೋಸ್ ಬಿಸ್ಕತ್ತು, ಊರಲ್ಲಿ ಮಳೆ ಹೇಗೆ ಎಂಬ ಪ್ರಶ್ನೆ. ಉತ್ತರ ಹೇಳಿ ಮುಗಿಯುವಷ್ಟರಲ್ಲಿ ಊಟಕ್ಕೆ ಎಲೆ ಹಾಕುತ್ತಿದ್ದರು. ಬೇಡ ಎಂದರೆ ಅವರಿಗೆ ಬೇಸರ, ಬೇಕು ಎಂದರೆ ನಮ್ಮ ಹೊಟ್ಟೆಗೆ ಬೇಸರ. ಲೋಕಲ್ ರೈಲಿನ ಬಾಗಿಲಲ್ಲಿ ಯಾರದೋ ಕಂಕುಳ ಕೆಳಗಿನಿಂದ ಅಪ್ಪ ಬೆರಳು ತೋರಿಸಿ, ಅಗೋ ಸಮುದ್ರ ಎಂದರು. ನನಗೆ ಕಂಡದ್ದು ಆ ಕಂಕುಳು ಮಾತ್ರ. ರಜೆ ಮುಗಿದು ಶಾಲೆಗೆ ಹೋದಾಗ ಟೀಚರು ನನ್ನನ್ನು ನಿಲ್ಲಿಸಿ, ಮುಂಬಯಿಯಲ್ಲಿ ಏನೇನು ನೋಡಿದೆ ಎಂದು ಎಲ್ಲರಿಗೂ ಹೇಳಮ್ಮ ಎಂದರು. ನಾನು ಪ್ರಾಮಾಣಿಕವಾಗಿ, ಸಂಬಂಧಿಕರನ್ನು ಎಂದೆ. ಟೀಚರು ಕೂರಲು ಹೇಳಿದರು.

ಆಗ ನಾವು ಇಳಿದುಕೊಂಡದ್ದು ಡೊಂಬಿವಿಲಿಯ ಗುಲಾಬಿ ದೊಡ್ಡಮ್ಮನ ಮನೆಯಲ್ಲಿ. ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಮದುವೆಯಾಗಿ ಮುಂಬಯಿಗೆ ಹೋದವರು ಅಲ್ಲಿಯೇ ಬೇರುಬಿಟ್ಟರು. ಒಂದು ರೂಮು, ಒಂದು ಅಡುಗೆಕೋಣೆಯ ಆ ಮನೆಯಲ್ಲಿ ಊರಿನ ಅರ್ಧ ಜನ ಮಲಗಿ ಎದ್ದಿದ್ದಾರೆ. ಗಲ್ಫಿನ ವೀಸಾಕ್ಕೆ ಕಾಯುವವರು, ಇಂಟರ್‌ವ್ಯೂಗೆ ಬಂದವರು, ದೊಡ್ಡ ಆಸ್ಪತ್ರೆಗೆ ತೋರಿಸಲು ಬಂದವರು, ಮದುವೆಯಾಗಿ ಊರು ಸುತ್ತಲು ಬಂದು ಎಂಟು ಜನರ ನಡುವೆ ಮಲಗಬೇಕಾಗಿ ಬಂದ ಹೊಸ ಜೋಡಿಗಳು. ಎಲ್ಲರೂ ಗೋಡೆಯಿಂದ ಗೋಡೆಗೆ ಸಾಲಾಗಿ ಬಿದ್ದುಕೊಂಡ ಮೇಲೆ ದೊಡ್ಡಮ್ಮ ಒಳಗೆ ಗ್ಯಾಸ್ ಸಿಲಿಂಡರಿನ ಪಕ್ಕ ಚಾಪೆ ಬಿಡಿಸುತ್ತಿದ್ದರು. ಬೆಳಿಗ್ಗೆ ನಾವು ಕಣ್ಣು ಬಿಡುವಾಗ ಆ ಚಾಪೆಯ ಜಾಗದಲ್ಲಿ ದೋಸೆಯ ಹಿಟ್ಟಿನ ಪಾತ್ರೆ ಇರುತ್ತಿತ್ತು. ಅವರು ಮಲಗಿದ್ದನ್ನು ನಾನು ಕಣ್ಣಾರೆ ಕಂಡೇ ಇಲ್ಲ.

ಇಂಥ ದೊಡ್ಡಮ್ಮ ಇರುವಾಗ ನಾನು ಮುಂಬಯಿಯಲ್ಲಿ ಲಾಡ್ಜ್ ಬುಕ್ ಮಾಡಲು ಹೊರಟಿದ್ದೆ. ನನ್ನ ಕೊಬ್ಬು ಎಷ್ಟಿರಬೇಕು ನೋಡಿ.

ಶುರುವಾದದ್ದು ಇಶಾನಿಯಿಂದ. ಕ್ಲಾಸಿನಲ್ಲಿ ಯಾರೋ ಮುಂಬಯಿಗೆ ಹೋಗಿ ಪೆಂಗ್ವಿನ್ ನೋಡಿಕೊಂಡು ಬಂದರಂತೆ, ಅವಳಿಗೂ ಪೆಂಗ್ವಿನ್ ಬೇಕಂತೆ. ಚಿಂಟುವಿಗೆ ಇಪ್ಪತ್ತನೆಯ ಮಾಳಿಗೆಗೆ ಹೋಗುವ ಲಿಫ್ಟ್ ಬೇಕಂತೆ. ನಮ್ಮ ಕಟ್ಟಡದ ಲಿಫ್ಟು ಕೆಟ್ಟು ಕೂತಿರುವುದೇ ಹೆಚ್ಚು, ಹಾಗಾಗಿ ಅವನಿಗೆ ಅದು ದೇವರಿಗೆ ಸಮಾನ. ನನ್ನ ಗಂಡ ಹರೀಶ ಕಾರ್ಕಳದವರು. ಯಾವ ಊರಿಗೆ ಹೊರಟರೂ, ಅಲ್ಲಿ ಎಂತ ಉಂಟು ನೋಡಲಿಕ್ಕೆ ಎಂದು ಕೇಳುವುದು ಅವರ ಜಾಯಮಾನ. ಬೆಟ್ಟದ ಮೇಲೆ ಅಷ್ಟೆತ್ತರದ ಗೊಮ್ಮಟನನ್ನು ದಿನಾ ನೋಡಿಕೊಂಡು ಬೆಳೆದವರಿಗೆ ಬೇರೆ ಯಾವುದೂ ಎತ್ತರ ಅನಿಸುವುದಿಲ್ಲ. ಮರೀನ್ ಡ್ರೈವಿನಲ್ಲಿ ಸಮುದ್ರ ನೋಡಬಹುದು ಎಂದು ನಾನು ಆಸೆ ಹುಟ್ಟಿಸಲು ನೋಡಿದೆ. ಮೊನ್ನೆ ತಾನೇ ಕಾಪು ಬೀಚಿನಲ್ಲಿ ಚಿಂಟುವಿನ ಚಡ್ಡಿಯಿಂದ ಕೊಡವಿದ ಮರಳು ಇನ್ನೂ ಕಾರಿನಲ್ಲಿದೆ, ಅದೇ ಸಮುದ್ರವನ್ನು ನೋಡಲು ಅಷ್ಟು ದೂರ ಹೋಗಬೇಕಾ ಎಂದು ಕೇಳಿದರು. ಉತ್ತರವಿಲ್ಲದ ಕಡೆ ಹೆಂಡತಿಯರು ಏನು ಮಾಡುತ್ತಾರೋ ಅದನ್ನೇ ನಾನೂ ಮಾಡಿದೆ. ಸಂಜೆಯೊಳಗೆ ಅವರು ಒಪ್ಪಿದರು.

ನಿಜ ಹೇಳಬೇಕೆಂದರೆ ನನಗೆ ಪೆಂಗ್ವಿನ್ನೂ ಬೇಡ, ಮರೀನ್ ಡ್ರೈವೂ ಬೇಡ. ನಾನು ಮಣಿಪಾಲದಲ್ಲಿ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ ಮಾಡುವವಳು. ಬೆಳಿಗ್ಗೆ ತಿಂಡಿ, ಡಬ್ಬಿ, ಮಕ್ಕಳ ಬೂಟು, ಬಸ್ಸು, ಫೈಲು, ಮತ್ತೆ ಬಸ್ಸು, ಮತ್ತೆ ಅಡುಗೆ. ನನಗೆ ಬೇಕಾದದ್ದು ನಾನು ಮಡಚಬೇಕಾಗಿಲ್ಲದ ಒಂದು ಹಾಸಿಗೆ. ಎದ್ದು ಹೋದರೆ ಬೇರೆ ಯಾರೋ ಬಂದು ಅದರ ಚಾದರ ಸರಿಮಾಡಬೇಕು. ಅಮ್ಮ ಏನೂ ಮಾಡದೆ ಕಾಲು ಚಾಚಿ ಕೂತಿರುವುದನ್ನು ನನ್ನ ಮಕ್ಕಳು ಒಮ್ಮೆಯಾದರೂ ನೋಡಬೇಕು. ದೊಡ್ಡಮ್ಮನ ಮನೆಗೆ ಹೋದರೆ ಇದು ಆಗುವ ಮಾತಲ್ಲ. ಈಗ ಅವರು ಮಗ ದಿನೇಶಣ್ಣ, ಸೊಸೆ, ಮೊಮ್ಮಕ್ಕಳ ಜೊತೆ ದೊಡ್ಡ ಫ್ಲ್ಯಾಟಿನಲ್ಲೇ ಇದ್ದಾರೆ. ಆದರೂ ನೆಂಟರು ಬಂದರೆ ಹೊತ್ತು ಮೂಡುವ ಮೊದಲೇ ಅವರು ತೆಂಗಿನಕಾಯಿ ತುರಿಯಲು ಕೂರುತ್ತಾರೆ. ಅವರು ತುರಿಯುವಾಗ ನಾನು ಈರುಳ್ಳಿ ಹೆಚ್ಚದೆ ಇರಲು ಸಾಧ್ಯವೇ? ನನಗೆ ದೊಡ್ಡಮ್ಮನೆಂದರೆ ಪ್ರಾಣ. ಡಿಗ್ರಿ ಮುಗಿಸಿ ಮುಂಬಯಿಗೆ ಇಂಟರ್‌ವ್ಯೂಗೆ ಹೋದಾಗ, ನನ್ನ ಜೊತೆ ಬಂದು ಇಡೀ ದಿನ ಆ ಕಟ್ಟಡದ ಹೊರಗೆ ಮಜ್ಜಿಗೆ ಬಾಟಲಿ ಹಿಡಿದುಕೊಂಡು ನಿಂತವರು ಅವರು. ಅಂಥವರಿಗೆ, ನಿಮ್ಮ ಮನೆ ಬೇಡ, ನಮಗೆ ಲಾಡ್ಜ್ ಸಾಕು ಎಂದು ಯಾವ ಬಾಯಲ್ಲಿ ಹೇಳುವುದು?

ಆದ್ದರಿಂದ ಹೇಳುವುದೇ ಬೇಡ ಎಂದು ನಿರ್ಧರಿಸಿದೆ. ಗುಟ್ಟಾಗಿ ಹೋಗುವುದು, ಲಾಡ್ಜಿನಲ್ಲಿ ಬಿದ್ದುಕೊಳ್ಳುವುದು, ಊರಿಗೆ ಮರಳುವ ದಿನ ಈಗಷ್ಟೇ ಬಸ್ಸಿಳಿದವರಂತೆ ಕೂದಲು ಕೆದರಿಕೊಂಡು ದೊಡ್ಡಮ್ಮನ ಮನೆಗೆ ಹೋಗಿ ಊಟ ಮಾಡಿ ಬರುವುದು. ಇದರಲ್ಲಿ ದೊಡ್ಡಮ್ಮನಿಗೂ ನೋವಿಲ್ಲ, ನನಗೂ ಹಾಸಿಗೆ ಸಿಕ್ಕಿತು. ಹರೀಶ ನನ್ನ ಮುಖವನ್ನೇ ನೋಡಿ, ಚಿಂಟುವನ್ನು ಎಂತ ಮಾಡುತ್ತಿ ಎಂದರು. ಮಾತು ಸರಿಯೇ ಇತ್ತು. ಚಿಂಟುವಿನ ಹೊಟ್ಟೆಯಲ್ಲಿ ಇಡ್ಲಿಯಾದರೂ ನಿಂತೀತು, ಗುಟ್ಟು ನಿಲ್ಲುವುದಿಲ್ಲ. ಅವನನ್ನು ಎದುರಿಗೆ ಕೂರಿಸಿಕೊಂಡು ಪಾಠ ಶುರುಮಾಡಿದೆ. ದೊಡ್ಡಜ್ಜಿ ಕೇಳಿದರೆ ಎಂತ ಹೇಳಬೇಕು ಎಂದೆ. ಅವನು ಗಂಭೀರವಾಗಿ ಯೋಚಿಸಿ, "ನಾವು ಲಾಡ್ಜಿನಲ್ಲಿ ಇರಲೇ ಇಲ್ಲ, ಅಲ್ಲಿ ಲಿಫ್ಟ್ ಕೂಡ ಇರಲಿಲ್ಲ ಅಂತ ಹೇಳಬೇಕು," ಎಂದ. ಇಶಾನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಂದಿನ ಪಾಠವನ್ನು ಅಲ್ಲಿಗೇ ನಿಲ್ಲಿಸಿದೆ.

ರೂಮು ಬುಕ್ ಮಾಡುವುದೂ ಸುಲಭವಾಗಲಿಲ್ಲ. ಲಾಡ್ಜಿಗೆ ಫೋನ್ ಮಾಡಿ, ನನ್ನ ಆಫೀಸಿನ ಅತ್ಯುತ್ತಮ ಇಂಗ್ಲಿಷಿನಲ್ಲಿ ಮಕ್ಕಳಿಗೆ ಬಿಸಿನೀರು ಸಿಗುತ್ತದೆಯೇ ಎಂದು ವಿಚಾರಿಸಿದೆ. ಆ ಕಡೆಯವರು ಎಲ್ಲ ಕೇಳಿಸಿಕೊಂಡು, ಮೇಡಂ ನೀವು ಉಡುಪಿ ಕಡೆಯವರಲ್ವಾ ಎಂದು ಅಚ್ಚ ಕನ್ನಡದಲ್ಲಿ ಕೇಳಿದರು. ಅವರು ನಮ್ಮ ಪಕ್ಕದ ಶಿರ್ವದವರಂತೆ, ಕೇಳಿದ್ದೇ ನಾನೂ ಬಾಯಿತಪ್ಪಿ ಇನ್ನಂಜೆ ಎಂದುಬಿಟ್ಟೆ. ಇನ್ನಂಜೆಯಲ್ಲಿ ಯಾರ ಮನೆ ಎಂದರು. ಹೇಳಿದರೆ ಸಂಜೆಯೊಳಗೆ ಸುದ್ದಿ ಡೊಂಬಿವಿಲಿಗೆ ಮುಟ್ಟುತ್ತದೆ. ರಾಂಗ್ ನಂಬರ್ ಎಂದು ಹೇಳಿ ಫೋನಿಟ್ಟೆ. ನಾನೇ ಮಾಡಿದ ಫೋನು ರಾಂಗ್ ನಂಬರ್ ಹೇಗಾಗುತ್ತದೆ ಎಂದು ಹರೀಶ ಕೇಳಿದರು. ಆಮೇಲೆ ಅವರೇ ಬೇರೊಂದು ಕಡೆ ಯಾರ ಜೊತೆಗೂ ಮಾತಾಡದೆ ಮೊಬೈಲಿನಲ್ಲೇ ಬುಕ್ ಮಾಡಿ ಮುಗಿಸಿದರು.

ಉಳಿದದ್ದು ಅಮ್ಮ. ಅಮ್ಮನಿಗೆ ಹೇಳದೆ ಇರುವಂತಿಲ್ಲ. ಹೇಳದಿದ್ದರೆ ಫ್ಲ್ಯಾಟಿಗೆ ಬಂದು ಬೀಗ ನೋಡಿ ಪೊಲೀಸಿಗೆ ಹೋಗುವ ಹೆಂಗಸು. ಭಾನುವಾರ ಇನ್ನಂಜೆಗೆ ಹೋಗಿ, ಗಂಜಿ ಉಣ್ಣುತ್ತಾ ಮೆಲ್ಲನೆ ವಿಷಯ ಎತ್ತಿದೆ. ಅಮ್ಮನ ಕೈಯಲ್ಲಿದ್ದ ಸೌಟು ಅಲ್ಲಿಯೇ ನಿಂತಿತು. "ಲಾಡ್ಜಾ? ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಲಾಡ್ಜಿಗೆ ಯಾರಾದರೂ ಹೋಗ್ತಾರಾ ಮಾರಾಯ್ತಿ?" ಎಂದರು. ಅಮ್ಮನ ಪ್ರಕಾರ ಲಾಡ್ಜಿಗೆ ಹೋಗುವವರು ಮರುದಿನ ಪೇಪರಿನಲ್ಲಿ ಬರುತ್ತಾರೆ. ನಾನು ಹಾಸಿಗೆಯ ವಿಷಯ, ಚಾದರದ ವಿಷಯ, ಕಾಲು ಚಾಚುವ ವಿಷಯ ಎಲ್ಲ ಹೇಳಿದೆ. ಅಮ್ಮ ನನ್ನ ತಟ್ಟೆಗೆ ಇನ್ನೊಂದು ಸೌಟು ಗಂಜಿ ಬಡಿಸಿ, ಹೋಗು, ನಿನಗೂ ಸಾಕಾಗಿರ್ತದೆ ಎಂದರು. ದೊಡ್ಡಮ್ಮನಿಗೆ ಒಂದು ಮಾತೂ ಹೇಳುವುದಿಲ್ಲ ಎಂದು ಅಂಬಲಪಾಡಿಯ ಅಮ್ಮನವರ ಮೇಲೆ ಆಣೆ ಮಾಡಿದರು. ಆದರೆ ಅಕ್ಕನಿಗೆ ಒಂದು ಸಣ್ಣ ಪೆಟ್ಟಿಗೆ ಕೊಡುತ್ತೇನೆ, ಮರಳುವ ದಿನ ಊಟಕ್ಕೆ ಹೋಗುವಾಗ ಕೊಟ್ಟರಾಯಿತು ಎಂದರು. ಅದು ಮಾತ್ರ ಆಗುವುದಿಲ್ಲ ಎಂದು ನಾನು ಕಡ್ಡಿ ಮುರಿದಂತೆ ಹೇಳಿದೆ. ಒಣಮೀನನ್ನು ರೂಮಿನಲ್ಲಿಟ್ಟುಕೊಂಡು ಪೆಂಗ್ವಿನ್ ನೋಡಲು ಹೋದರೆ, ಲಾಡ್ಜಿನವರು ನಮ್ಮನ್ನು ಪೆಂಗ್ವಿನ್ನಿನ ಜೊತೆಗೇ ಬಿಟ್ಟು ಬರುತ್ತಾರೆ. ಅಮ್ಮ ಆಯಿತು ಎಂದರು. ಅಷ್ಟು ಬೇಗ ಆಯಿತು ಎಂದಾಗಲೇ ನನಗೆ ಅನುಮಾನ ಬರಬೇಕಿತ್ತು.

ಅಮ್ಮ ಆಣೆ ಮುರಿಯಲಿಲ್ಲ. ಈ ವಿಷಯದಲ್ಲಿ ಅವರನ್ನು ದೂರುವಂತಿಲ್ಲ. ಒಂದು ಮಾತೂ ಹೇಳಲಿಲ್ಲ. ಮನೆಯವರು ಮುಂಬಯಿಗೆ ಹೋಗುವಾಗ ಅಕ್ಕನಿಗೆ ಪೆಟ್ಟಿಗೆ ಹೋಗದಿರುವುದು ಅವರ ಆಯುಷ್ಯದಲ್ಲೇ ನಡೆದದ್ದಲ್ಲ. ಹೊರುವವರು ಹೊರುವುದಿಲ್ಲ ಎಂದರೆ ಏನು ಮಾಡುವುದು? ಕುಚ್ಚಲಕ್ಕಿ, ಕಾಯಿ, ಹಪ್ಪಳ, ಹೊಸದಾಗಿ ಬಂದ ಗುಳ್ಳ, ಒಣಮೀನು ಎಲ್ಲ ತುಂಬಿಸಿ, ಹಗ್ಗ ಬಿಗಿದು, ಪಕ್ಕದ ಮನೆಯವರ ರಿಕ್ಷಾದಲ್ಲಿ ಹೋಗಿ ಮುಂಬಯಿ ಬಸ್ಸಿಗೆ ಪಾರ್ಸೆಲ್ ಹಾಕಿ ಬಂದರು. ನಾವು ಹೊರಡುವುದಕ್ಕೆ ಇನ್ನೂ ವಾರವಿತ್ತು. ಮುಂಬಯಿಗೆ ಹೋಗುವ ನಮ್ಮ ಕಡೆಯ ಪೆಟ್ಟಿಗೆಯ ಹಿಂದೆ ಜನ ಇರಲೇಬೇಕು ಎಂಬುದು ಡೊಂಬಿವಿಲಿಯ ಸಣ್ಣ ಮಗುವಿಗೂ ಗೊತ್ತು. ದೊಡ್ಡಮ್ಮ ಪೆಟ್ಟಿಗೆ ಬಿಚ್ಚಿ, ಗುಳ್ಳವನ್ನು ಕೈಯಲ್ಲಿ ಹಿಡಿದುಕೊಂಡೇ ಅಮ್ಮನಿಗೆ ಫೋನ್ ಮಾಡಿದರಂತೆ. ಯಾರು ಬರ್ತಾರೆ ಎಂದು ಕೇಳಿದರಂತೆ. ಅಮ್ಮ ಹೇಳುವುದಿಲ್ಲ ಎಂದರಂತೆ. ಹೇಳುವುದಿಲ್ಲ ಎಂದರೆ ಆಶಾ, ಅಂದರೆ ನಾನೇ, ಎಂದು ದೊಡ್ಡಮ್ಮನಿಗೆ ಗೊತ್ತಾಯಿತಂತೆ. ಎಲ್ಲಿ ಇಳಿಯುತ್ತಾಳೆ ಎಂದು ಕೇಳಿದ್ದಕ್ಕೂ ಅಮ್ಮ ಹೇಳುವುದಿಲ್ಲ ಎಂದರಂತೆ. ಅಲ್ಲಿಗೆ ಅದೂ ಗೊತ್ತಾಯಿತಂತೆ. ಇಷ್ಟನ್ನೂ ಅಮ್ಮ ನನಗೆ ಬಹಳ ಹೆಮ್ಮೆಯಿಂದ ಹೇಳಿದರು, ನೋಡು, ನನ್ನ ಬಾಯಿಂದ ಒಂದು ಶಬ್ದ ಬಂದಿಲ್ಲ ಎಂದು.

ದೊಡ್ಡಮ್ಮ ಬೈದರೆ ಬೈಸಿಕೊಳ್ಳಬಹುದು. ಬೈಯದೆ, ಇರಲಿ ಮಗಾ, ನಿಮಗೆ ಅನುಕೂಲ ಆದಂತೆ ಮಾಡಿ ಎಂದುಬಿಟ್ಟರೆ? ಆ ಒಂದು ಮಾತು ಬಂದರೆ ನಾನು ಯಾವ ಹಾಸಿಗೆಯಲ್ಲೂ ನಿದ್ದೆ ಮಾಡುವಂತಿಲ್ಲ. ಬುಕ್ ಮಾಡಿದ್ದನ್ನು ಕ್ಯಾನ್ಸಲ್ ಮಾಡಿ ಮಾರಾಯ್ರೆ, ಡೊಂಬಿವಿಲಿಗೇ ಹೋಗುವ ಎಂದು ಹರೀಶನಿಗೆ ಹೇಳಿದೆ. ಹೇಳುವಾಗ ನನಗೆ ಅಳು ಬಂತು. ಒಂದು ಚಾದರಕ್ಕಾಗಿ ಅಳುವ ಹೆಂಗಸು ಲೋಕದಲ್ಲಿ ನಾನೊಬ್ಬಳೇ ಇರಬೇಕು. ಹರೀಶ ಕ್ಯಾನ್ಸಲ್ ಮಾಡಲಿಲ್ಲ, ಹೋಗಿ ಪಾತ್ರೆ ತೊಳೆಯಲು ನಿಂತರು. ಅವರು ತೊಳೆದ ಪಾತ್ರೆಯನ್ನು ನಾನು ಮತ್ತೆ ತೊಳೆಯಬೇಕಾಗುತ್ತದೆ, ಆದರೂ ಅದು ಅವರ ಸಮಾಧಾನ ಹೇಳುವ ರೀತಿ.

ಮರುದಿನ ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚುವಾಗ ದೊಡ್ಡಮ್ಮನ ಫೋನ್ ಬಂತು. ಡಬ್ಬಿಯನ್ನು ಹಾಗೇ ಬಿಟ್ಟು ಹೊರಗಿನ ಮೆಟ್ಟಿಲಿಗೆ ಹೋದೆ. ದೊಡ್ಡಮ್ಮ ಹಲೋ ಎನ್ನುವ ಪೈಕಿಯಲ್ಲ.

"ಪೆಟ್ಟಿಗೆ ಬಂತು. ಜನ ಯಾವಾಗ ಬರುವುದು?" ಎಂದರು.

ನಾನು ಒಂದೇ ಉಸಿರಿನಲ್ಲಿ ಬಡಬಡಿಸಿದೆ. ಹರೀಶನ ಆಫೀಸಿನ ಕೆಲಸ ಎಂದೆ, ಪೆಂಗ್ವಿನ್ ಇರುವುದು ಲಾಡ್ಜಿನ ಪಕ್ಕದಲ್ಲೇ ಎಂದೆ, ಚಿಂಟುವಿಗೆ ರೈಲಿನ ಗಲಾಟೆ ಆಗುವುದಿಲ್ಲ ಎಂದೆ. ಅವೆಲ್ಲ ಸುಳ್ಳು ಎಂದು ಇಬ್ಬರಿಗೂ ಗೊತ್ತಿತ್ತು. ಸುಳ್ಳುಗಳು ಮುಗಿದ ಮೇಲೆ ಹೇಳಲಿಕ್ಕೆ ನಿಜ ಒಂದೇ ಉಳಿದಿತ್ತು.

"ನಿಮ್ಮ ಮನೆಗೆ ಬಂದರೆ ನೀವು ಕೂತುಕೊಳ್ಳುವುದಿಲ್ಲ ದೊಡ್ಡಮ್ಮ. ನೀವು ಕೂರದಿದ್ದರೆ ನನಗೂ ಕೂರಲಿಕ್ಕೆ ಆಗುವುದಿಲ್ಲ. ನನಗೆ ಒಮ್ಮೆ ಏನೂ ಮಾಡದೆ ಬಿದ್ದುಕೊಳ್ಳಬೇಕು ಅಂತ ಆಸೆ ಆಗಿದೆ, ಅಷ್ಟೇ."

ಆ ಕಡೆ ಕುಕ್ಕರ್ ಸೀಟಿ ಹಾಕಿತು. ಸೊಸೆ ಏನೋ ಕೇಳಿದ್ದೂ, ದೊಡ್ಡಮ್ಮ ಅದಕ್ಕೆ ಉತ್ತರ ಕೊಟ್ಟದ್ದೂ ಕೇಳಿಸಿತು. ಆಮೇಲೆ ಚಪ್ಪಲಿಯ ಸದ್ದು, ಬಾಗಿಲು ಹಾಕಿಕೊಂಡ ಸದ್ದು. ಈಗ ಬರುತ್ತದೆ ಆ ಮಾತು ಎಂದು ನಾನು ಕಣ್ಣು ಮುಚ್ಚಿದೆ. ದೊಡ್ಡಮ್ಮನ ದನಿ ತೀರಾ ತಗ್ಗಿತ್ತು.

"ಆ ರೂಮಿನಲ್ಲಿ ಇನ್ನೊಂದು ಮಂಚ ಹಾಕಲಿಕ್ಕೆ ಜಾಗ ಉಂಟಾ?"

ಯಾರಿಗೆ ಎಂದು ಕೇಳುವಷ್ಟು ದಡ್ಡಿ ನಾನಲ್ಲ, ಆದರೂ ಕೇಳಿದೆ.

"ನನಗೆ. ಮತ್ತೆ ಯಾರಿಗೆ?" ಎಂದರು. ಮುಂಬಯಿಗೆ ಬಂದು ಇಷ್ಟು ವರ್ಷವಾಯಿತು, ಊರಿನಿಂದ ಬಂದ ಎಲ್ಲರಿಗೂ ದಾರಿ ಹೇಳಿ ಕಳಿಸಿದ್ದೇನೆ, ನಾನು ಅದು ಯಾವುದನ್ನೂ ನೋಡಿಲ್ಲ, ನೋಡಬೇಕೆಂದೂ ಇಲ್ಲ, ನೀವೆಲ್ಲ ತಿರುಗಾಡಿ ಬನ್ನಿ, ನಾನು ರೂಮಿನಲ್ಲಿ ಇರುತ್ತೇನೆ ಎಂದರು. ಮನೆಯಲ್ಲಿ ಏನು ಹೇಳುವುದೆಂದೂ ಅವರು ಆಗಲೇ ಯೋಚಿಸಿಟ್ಟಿದ್ದರು. "ಮಕ್ಕಳನ್ನು ಹಿಡಿಯಲಿಕ್ಕೆ ಜನ ಇಲ್ಲ, ಆಶಾ ಕರೆದಳು ಅಂತ ದಿನೇಶನಿಗೆ ಹೇಳ್ತೇನೆ. ಇಲ್ಲದಿದ್ದರೆ ಅವ ಬಿಡುವುದಿಲ್ಲ. ಆದರೆ ಮಕ್ಕಳನ್ನು ನಾನು ಹಿಡಿಯುವುದಿಲ್ಲ, ಈಗಲೇ ಹೇಳ್ತೇನೆ."

ನನಗೆ ನಗು ಬಂತು. ಹಿಡಿಯುವುದು ಬೇಡ ದೊಡ್ಡಮ್ಮ, ನೀವು ಬನ್ನಿ ಸಾಕು ಎಂದೆ. ಅವರ ಅನುಮಾನ ಇನ್ನೂ ಪೂರ್ತಿ ಹೋಗಿರಲಿಲ್ಲ.

"ಅಲ್ಲಿ ಬೆಳಿಗ್ಗೆ ಚಾ ಯಾರು ಮಾಡುವುದು?"

"ಅವರೇ ಮಾಡ್ತಾರೆ. ಫೋನ್ ಮಾಡಿ ಹೇಳಿದರೆ ಮಂಚದ ಹತ್ತಿರಕ್ಕೇ ತಂದು ಕೊಡ್ತಾರೆ."

ಲೈನು ಹೋಯಿತೇನೋ ಎಂದು ನಾನು ಫೋನನ್ನು ಕಿವಿಯಿಂದ ತೆಗೆದು ನೋಡಿದೆ. ಹೋಗಿರಲಿಲ್ಲ.

"ಹಾಗಾದರೆ ಇನ್ನೊಂದು ದಿನ ಜಾಸ್ತಿ ಇರುವ," ಎಂದರು ದೊಡ್ಡಮ್ಮ.